ಭರಣಿಯೊಳಗಿನ ಚಿಟ್ಟೆ: ರಕ್ಷಣೆಯೋ, ಬಂಧನವೋ?

ಹಿತ್ತಲಿನ ನಿಂಬೆಯ ಗಿಡ ಹೊಸ ಚಿಗುರು ಬಿಟ್ಟ ದಿನಗಳಲ್ಲಿ, ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳುಳ್ಳ ಚಿಟ್ಟೆಯೊಂದು ಅದರ ಸುತ್ತ ಸುಳಿಯುವುದುಂಟು. ಅದು ಹೂವನ್ನರಸಿ ಬಂದುದಲ್ಲ. ಎಲೆಯಿಂದ ಎಲೆಗೆ ಹಾರಿ, ಮುಂಗಾಲುಗಳಿಂದ ಎಲೆಯನ್ನು ತಟ್ಟಿ ನೋಡಿ, ಒಪ್ಪಿಗೆಯಾದಲ್ಲಿ ಒಡಲನ್ನು ಬಾಗಿಸಿ, ಕ್ಷಣಮಾತ್ರದಲ್ಲಿ ಒಂದೇ ಒಂದು ಮೊಟ್ಟೆಯನ್ನು ಅಂಟಿಸಿ ಮುಂದೆ ಸಾಗುತ್ತದೆ. ಎಲೆಯ ರುಚಿ ಚಿಟ್ಟೆಗೆ ತಿಳಿಯುವುದು ಕಾಲಿನಿಂದ. ತಾನೆಂದೂ ತಿನ್ನಲಾಗದ ಎಲೆಯನ್ನು ತನ್ನ ಸಂತತಿಗಾಗಿ ಅದು ಹೀಗೆ ಪರೀಕ್ಷಿಸುತ್ತದೆ. ಸಣ್ಣ ಸಾಸಿವೆಯಷ್ಟು ಗಾತ್ರದ, ನುಣುಪಾದ, ತಿಳಿಹಳದಿಯ ಆ ಮೊಟ್ಟೆಯನ್ನು ಕಾಣಬೇಕಾದರೆ ಗಿಡದ ಮುಂದೆ ಬಗ್ಗಿ ನಿಲ್ಲುವ ತಾಳ್ಮೆ ಬೇಕು.

ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅಂಥ ತಾಳ್ಮೆ ತೋರಿ, ಮೊಟ್ಟೆಯಿದ್ದ ಎಲೆಯನ್ನು ತೊಟ್ಟುಸಮೇತ ಕಿತ್ತು ತಂದು ಗಾಜಿನ ಭರಣಿಯಲ್ಲಿಟ್ಟಳೆಂದು ಭಾವಿಸಬಹುದು. ಮೊಟ್ಟೆಯಿಂದ ಕೋಶದವರೆಗೆ ದಿನದಿನವೂ ನೋಡಿ ಬರೆದುಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದಾರೆ. ಮನೆಯಲ್ಲಿ ಅಜ್ಜಿ ಇದ್ದಾರೆ. ಸೂರ್ಯಾಸ್ತದ ನಂತರ ಉಣ್ಣದ, ನೀರನ್ನು ಸೋಸದೆ ಮುಟ್ಟದ, ಕಸ ಗುಡಿಸುವಾಗ ಇರುವೆಯ ಸಾಲಿಗೆ ದಾರಿ ಬಿಟ್ಟು ಗುಡಿಸುವ ಅಜ್ಜಿ. ಭರಣಿಯನ್ನು ಕಂಡೊಡನೆ ಅವರ ಮಾತು ಇಷ್ಟೆ: "ಅದರ ಪಾಡಿಗೆ ಅದನ್ನ ಬಿಡು ಮಗೂ. ಕೂಡಿಹಾಕೋ ಪಾಪ ನಮಗ್ಯಾಕೆ?" ಹುಡುಗಿಯ ಉತ್ತರವೂ ಸಿದ್ಧವಾಗಿದೆ: "ಹೊರಗಿದ್ರೆ ಜೇಡ ತಿನ್ನುತ್ತೆ ಅಜ್ಜಿ. ಇಲ್ಲಿದ್ರೆ ಉಳಿಯುತ್ತೆ."

ಇಂಥ ಮನೆ ವಾಚಕರಿಗೆ ಅಪರಿಚಿತವಲ್ಲ. ಇಬ್ಬರ ಮಾತಿಗೂ ಆಧಾರ ದಯೆಯೇ. ಒಂದು, ಮುಟ್ಟದೆ ದೂರ ನಿಲ್ಲುವ ದಯೆ. ಇನ್ನೊಂದು, ಕೈಚಾಚಿ ಎತ್ತಿಕೊಳ್ಳುವ ದಯೆ. ಮಗುವಿನ ಆಟವೆಂದು ತಳ್ಳಿಹಾಕಬಹುದಾದ ಈ ಸಣ್ಣ ವಿವಾದದಲ್ಲಿ, ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಸಮಾಜವೊಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅಡಗಿದೆ. ಅರಿಯುವುದಕ್ಕಾಗಿ, ಉಳಿಸುವುದಕ್ಕಾಗಿಯೂ ಸಹ, ಇನ್ನೊಂದು ಜೀವವನ್ನು ತನ್ನ ವಶದಲ್ಲಿ ಇರಿಸಿಕೊಳ್ಳುವ ಅಧಿಕಾರ ಯಾರಿಗಾದರೂ ಉಂಟೆ?

ಮೊದಲು ಭರಣಿಯೊಳಗೆ ನಡೆಯುವುದೇನೆಂಬುದನ್ನು ನೋಡಬೇಕು. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಹೊರಬರುವ ಹುಳು ಮೊಟ್ಟಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಅನಂತರ ಚಿಗುರೆಲೆಯ ಅಂಚಿಗೆ ಬಾಯಿಡುತ್ತದೆ. ಕಂದು ಮೈಮೇಲೆ ಬಿಳಿಯ ಪಟ್ಟೆಗಳಿದ್ದು, ದೂರದಿಂದ ನೋಡಿದವರಿಗೆ ಅದು ಹಕ್ಕಿಯ ಹಿಕ್ಕೆಯಂತೆ ತೋರುತ್ತದೆ. ಹಕ್ಕಿಯ ಕಣ್ಣಿಗೂ ಹಾಗೆಯೇ ತೋರಲೆಂಬುದೇ ಆ ವೇಷದ ಪ್ರಯೋಜನ. ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿಸಲವೂ ಒಂದು ದಿನದಷ್ಟು ಕಾಲ ಉಣ್ಣದೆ, ಅಲುಗದೆ, ಎಲೆಗೆ ಅಂಟಿ ಕುಳಿತಿರುತ್ತದೆ. ನಾಲ್ಕನೆಯ ಪೊರೆ ಕಳಚಿದಾಗ ಹಿಕ್ಕೆಯ ವೇಷ ಹೋಗಿ ಎಲೆಯ ಹಸಿರು ಬರುತ್ತದೆ. ಆಗ ಯಾರಾದರೂ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆ ಬೀರುತ್ತದೆ. ಮಕ್ಕಳು ಈ ಕೊಂಬನ್ನು ನೋಡಲೆಂದೇ ಮತ್ತೆ ಮತ್ತೆ ಕಡ್ಡಿಯಿಂದ ತಿವಿಯುವುದುಂಟು. ಎರಡು ವಾರಗಳ ಆಸುಪಾಸಿನಲ್ಲಿ ಹುಳು ಊಟವನ್ನು ತ್ಯಜಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಹಾಕಿ, ಭರಣಿಯ ಗೋಡೆಯ ಮೇಲೆ ಅತ್ತಿತ್ತ ಅಲೆದಾಡತೊಡಗುತ್ತದೆ. ಕೊನೆಗೆ ಒಂದು ಕಡ್ಡಿಯನ್ನು ಆರಿಸಿ, ಬಾಲದ ತುದಿಗೆ ನೂಲಿನ ಮೆತ್ತೆಯನ್ನೂ ನಡುವಿಗೆ ನೂಲಿನ ಪಟ್ಟಿಯನ್ನೂ ಕಟ್ಟಿಕೊಂಡು ನಿಶ್ಚಲವಾಗುತ್ತದೆ. ಮರುದಿನ ಚರ್ಮ ಬಿರಿದು, ಒಳಗಿನಿಂದ ಕೋಶ ಪ್ರಕಟವಾಗುತ್ತದೆ. ಕೋಶದ ಬಣ್ಣ ಹಸಿರೋ ಕಂದೋ ಎಂಬುದು ಅದು ಆರಿಸಿಕೊಂಡ ಸ್ಥಳವನ್ನು ಅವಲಂಬಿಸಿದೆ. ಮತ್ತೆ ಹತ್ತು ದಿನಗಳ ಹೆಚ್ಚುಕಡಿಮೆಯಲ್ಲಿ ಕೋಶದ ಗೋಡೆ ಪಾರದರ್ಶಕವಾಗಿ ರೆಕ್ಕೆಯ ಕಪ್ಪು ಒಳಗಿನಿಂದ ಕಾಣಿಸಿತೆಂದರೆ, ಮರುದಿನದ ಬೆಳಿಗ್ಗೆ ಚಿಟ್ಟೆ ಹೊರಬರುವುದೆಂದೇ ತಿಳಿಯಬೇಕು.

ಈ ಜೀವ ಎಂಥದು? ಚಿಟ್ಟೆಯನ್ನು ದುಂಬಿಯೊಂದಿಗೆ ಚತುರಿಂದ್ರಿಯ ಜೀವಗಳಲ್ಲಿ ಎಣಿಸುವುದು ರೂಢಿ. ಆದರೆ ಎಲೆ ತಿನ್ನುವ ಹುಳುವನ್ನು ಕಂಡವರು ಅದನ್ನು ಕ್ರಿಮಿಯೆಂದು, ಎಂದರೆ ದ್ವೀಂದ್ರಿಯವೆಂದು, ಭಾವಿಸುವುದೇ ಹೆಚ್ಚು; ತರಕಾರಿ ಹೆಚ್ಚುವಾಗ ಸಿಕ್ಕ ಹುಳುವಿಗೂ ಹೂವಿನ ಮೇಲಿನ ಚಿಟ್ಟೆಗೂ ಸಲ್ಲುವ ಮರ್ಯಾದೆಯಲ್ಲಿ ಅಂತರವಿರುವುದು ಇದರಿಂದಲೇ. ಜೀವವೊಂದರ ಇಂದ್ರಿಯಗಳು ಆ ಭವದ ನಾಮಕರ್ಮಕ್ಕೆ ಸೇರಿದವಾದುದರಿಂದ, ಹುಳುವೂ ಚಿಟ್ಟೆಯೂ ಒಂದೇ ಆಯುಷ್ಯದ ಎರಡು ಪರ್ಯಾಯಗಳಾದುದರಿಂದ, ಹುಳುವನ್ನು ಕೀಳಾಗಿ ಎಣಿಸಲು ಆಧಾರವಿಲ್ಲವೆಂದು ತರ್ಕಿಸಬಹುದು. ಭೂತಗನ್ನಡಿಯೂ ಇದನ್ನೇ ಹೇಳುತ್ತದೆ. ಹುಳುವಿನ ತಲೆಯ ಎರಡು ಪಕ್ಕಗಳಲ್ಲಿ ಆರಾರು ಸರಳ ಕಣ್ಣುಗಳೂ ಮೋಟಾದ ಮೀಸೆಗಳೂ ಇವೆ. ಅದು ಕಾಣುತ್ತದೆ, ಮೂಸುತ್ತದೆ, ರುಚಿ ನೋಡುತ್ತದೆ, ಸ್ಪರ್ಶವನ್ನು ಅರಿಯುತ್ತದೆ.

ಇಲ್ಲಿಯೇ ಇನ್ನೊಂದು ತೊಡಕು ಎದುರಾಗುತ್ತದೆ. ಅದನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಜರಾಯುಜ, ಅಂಡಜ, ಪೋತಜಗಳಿಗೆ ಗರ್ಭಜನ್ಮ, ದೇವನಾರಕರಿಗೆ ಉಪಪಾದ, ಉಳಿದವುಗಳಿಗೆ ಸಮ್ಮೂರ್ಛನ. ವಿಕಲೇಂದ್ರಿಯಗಳೆಲ್ಲ ಈ 'ಉಳಿದವು'ಗಳಲ್ಲಿ ಸೇರುತ್ತವೆಂಬುದು ಪರಂಪರೆಯ ವ್ಯಾಖ್ಯಾನ. ಎಂದರೆ ಚಿಟ್ಟೆಯೂ ತಂದೆತಾಯಿಗಳಿಲ್ಲದೆ ಪುದ್ಗಲಗಳ ಸಂಯೋಗದಿಂದ ಹುಟ್ಟತಕ್ಕದ್ದು. ಹುಡುಗಿ ಕಂಡುದಾದರೋ ತಾಯಿಚಿಟ್ಟೆ ಎಲೆಯನ್ನು ತಟ್ಟಿ ನೋಡಿ ಮೊಟ್ಟೆಯಿಟ್ಟುದನ್ನು. ಕೀಟಗಳು ತಾವಾಗಿಯೇ ಹುಟ್ಟುತ್ತವೆಂಬ ನಂಬಿಕೆ ಪ್ರಾಚೀನರಲ್ಲಿ ಎಲ್ಲೆಡೆಯೂ ಇತ್ತು. ಗ್ರೀಸಿನ ಅರಿಸ್ಟಾಟಲನೂ ಎಲೆಯ ಮೇಲೆ ಹುಳು ತಾನಾಗಿ ಮೂಡುತ್ತದೆಂದೇ ತಿಳಿದಿದ್ದ. ಇಟಲಿಯ ಫ್ರಾನ್ಸೆಸ್ಕೋ ರೆಡಿ ೧೬೬೮ರಲ್ಲಿ, ಬಟ್ಟೆ ಮುಚ್ಚಿದ ಪಾತ್ರೆಯ ಮಾಂಸದಲ್ಲಿ ಹುಳುವಾಗದೆ ತೆರೆದಿಟ್ಟುದರಲ್ಲಿ ಮಾತ್ರ ಆಗುವುದನ್ನು ತೋರಿಸಿದ ಮೇಲೆ ಯುರೋಪಿನಲ್ಲಿ ಆ ನಂಬಿಕೆ ಸಡಿಲವಾಯಿತು. ಕಣ್ಣಾರೆ ಕಂಡುದನ್ನು ಕಂಡಿಲ್ಲವೆನ್ನುವಂತೆ ಮಗುವಿಗೆ ಕಲಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಜೀವಗಳ ಜನ್ಮಪ್ರಕಾರದ ಪಟ್ಟಿಯಲ್ಲಿ ತಿದ್ದುಪಡಿಯಾದರೆ ಅಹಿಂಸೆಯ ಬುಡ ಅಲುಗುವುದೆಂದು ಹೆದರಬೇಕಾದುದೂ ಇಲ್ಲ. ಪ್ರಾಣಕ್ಕೆ ನೋವಾಗಬಾರದೆಂಬುದಕ್ಕೆ ಆ ಪ್ರಾಣ ಹೇಗೆ ಹುಟ್ಟಿತೆಂಬುದು ಷರತ್ತಾಗಿ ಎಲ್ಲಿಯೂ ನಿಂತಿಲ್ಲ.

ಅಜ್ಜಿಯ ಆಕ್ಷೇಪಣೆಗೆ ಬಲವಾದ ಆಧಾರ ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವುಗಳಲ್ಲಿ ಕೊಲ್ಲುವ ಮಾತೇ ಇಲ್ಲ. 'ವಧ' ಎಂಬುದಕ್ಕೂ ಇಲ್ಲಿ ಹೊಡೆಯುವುದು, ಬಡಿಯುವುದು ಎಂದೇ ಅರ್ಥ. ಕೊಲ್ಲದೆಯೂ ವ್ರತ ಮಲಿನವಾಗುವ ಬಗೆಗಳಿವು. ಕಟ್ಟಿದ ದನ, ಗಾಡಿ ಎಳೆಯುವ ಎತ್ತು, ಮನೆಯ ಆಳು ಇವರನ್ನು ಕಣ್ಣಮುಂದಿಟ್ಟುಕೊಂಡು ಹೇಳಿದಂತಿರುವ ಈ ಪಟ್ಟಿ ಗಾಜಿನ ಭರಣಿಗೆ ಎಷ್ಟು ನಿಕಟವಾಗಿ ಅನ್ವಯಿಸುತ್ತದೆಂಬುದು ಆಶ್ಚರ್ಯಕರ. ಕೊಂಬು ನೋಡುವ ಆಸೆಗೆ ಕಡ್ಡಿಯಿಂದ ತಿವಿಯುವುದು ವಧವಲ್ಲದೆ ಇನ್ನೇನು? ಪೊರೆ ಬಿಡುತ್ತಿರುವ ಹುಳುವನ್ನು ಎಳೆದು ಬೇರೆ ಎಲೆಗೆ ಹಾಕಿದರೆ ಕಾಲು ಕಿತ್ತುಬರುವುದುಂಟು, ಅದು ಛೇದ. ಒಂದೇ ಭರಣಿಯಲ್ಲಿ ಹತ್ತು ಹುಳುಗಳನ್ನು ತುಂಬಿದರೆ ಹಿಕ್ಕೆಯ ತೇವದಿಂದ ರೋಗ ಹರಡಿ ಎಲ್ಲವೂ ಕಪ್ಪಾಗಿ ಸಾಯುವುದುಂಟು.

ಅನ್ನಪಾನನಿರೋಧದ ಬಗ್ಗೆ ಹೆಚ್ಚು ಹೇಳಬೇಕಾಗಿದೆ; ಹುಳು ಸಾಕುವವರು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ನಿಂಬೆಯ ಚಿಟ್ಟೆಯ ಹುಳು ನಿಂಬೆ, ಕರಿಬೇವು, ಬಿಲ್ವ ಮೊದಲಾದ ಒಂದೇ ಕುಟುಂಬದ ಗಿಡಗಳ ಎಲೆಯನ್ನು ತಿನ್ನುತ್ತದೆ. ದಾಸವಾಳದ ಎಲೆಯನ್ನೋ ಕೊತ್ತಂಬರಿಯನ್ನೋ ಹಾಕಿ, ಹಾಕಿದೆವಲ್ಲ ಎಂದುಕೊಂಡರೆ ಅದು ಹಸಿದು ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಒಂದು ಎಲೆಗೆ ಒಗ್ಗಿದ ಹುಳು, ಬಂಧುವೇ ಆದ ಇನ್ನೊಂದು ಗಿಡದ ಎಲೆಯನ್ನು ನಿರಾಕರಿಸುವುದೂ ಉಂಟು. ಎರಡು ದಿನದ ಹಿಂದಿನ ಒಣ ಎಲೆ ಅದಕ್ಕೆ ಅನ್ನವೂ ಅಲ್ಲ, ನೀರೂ ಅಲ್ಲ. ಅದು ಕುಡಿಯುವುದೆಲ್ಲ ಎಲೆಯ ರಸದಲ್ಲಿಯೇ. ಇನ್ನು ಪೇಟೆಯಿಂದ ತಂದ ಕರಿಬೇವು! ಒಗ್ಗರಣೆಗೆ ತಂದ ಕಟ್ಟಿನಿಂದ ಎರಡು ಎಸಳು ಕಿತ್ತು ಭರಣಿಗೆ ಹಾಕಿದ ಮನೆಯಲ್ಲಿ ಮರುದಿನ ಹುಳು ಕಪ್ಪುರಸ ಕಾರಿ ಸತ್ತುಬಿದ್ದಿದ್ದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕೀಟನಾಶಕವನ್ನು ಸಿಂಪಡಿಸಿರುವುದು ಇಂಥ ಹುಳುಗಳನ್ನು ಕೊಲ್ಲಲೆಂದೇ. ಅದೇ ಎಲೆ ಮನೆಮಂದಿಯ ಸಾರಿಗೂ ಬಿದ್ದಿತ್ತೆಂಬುದು ಬೇರೆ ಮಾತು. ಪ್ರಮಾದವೇ ಹಿಂಸೆಯ ಮೂಲವೆಂದು ಶಾಸ್ತ್ರ ಹೇಳುವಾಗ ಅದು ಕ್ರೋಧವನ್ನಷ್ಟೇ ಅಲ್ಲ, ಮರೆವನ್ನೂ ತಿಳಿಯದಿರುವಿಕೆಯನ್ನೂ ಒಳಗೊಂಡಿದೆ. ಎಲೆಯನ್ನು ಕಿತ್ತ ಕ್ಷಣದಿಂದ ಆ ಜೀವದ ಹಸಿವಿಗೆ ಕಿತ್ತವರೇ ಹೊಣೆ. ಗಿಡದ ಮೇಲಿದ್ದಾಗ ಅದು ಯಾರ ಹೊಣೆಯೂ ಆಗಿರಲಿಲ್ಲ.

ಕೋಶದಿಂದ ಹೊರಬರಲು ಹೆಣಗುವ ಚಿಟ್ಟೆಗೆ ಕರುಣೆಯಿಂದ ಸಹಾಯ ಮಾಡಹೋಗಿ ಅದನ್ನು ಕುಂಟಾಗಿಸಿದವನ ಕತೆಯನ್ನು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಕಷ್ಟವೇ ಜೀವವನ್ನು ಗಟ್ಟಿಗೊಳಿಸುತ್ತದೆಂಬುದು ಅದರಿಂದ ಎಳೆಯುವ ನೀತಿ. ಆ ನೀತಿಗೆ ಚಿಟ್ಟೆ ಜವಾಬ್ದಾರವಲ್ಲ. ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿರುತ್ತದೆ. ಅದು ಕಡ್ಡಿಯನ್ನೇರಿ ರೆಕ್ಕೆ ಕೆಳಮುಖವಾಗುವಂತೆ ತೂಗಿ, ಒಡಲಿನ ರಸವನ್ನು ರೆಕ್ಕೆಯ ನಾಳಗಳಿಗೆ ತಳ್ಳಿ, ಅವು ಹರಡಿದ ಮೇಲೆ ಒಂದೆರಡು ಗಂಟೆ ಒಣಗಬೇಕು. ಭರಣಿಯ ನುಣುಪು ಗಾಜಿನಲ್ಲಿ ಹಿಡಿತ ಸಿಗದಿದ್ದರೆ, ತೂಗುವಷ್ಟು ಎಡೆಯಿಲ್ಲದಿದ್ದರೆ, ರೆಕ್ಕೆ ಮುದುಡಿದಂತೆಯೇ ಗಟ್ಟಿಯಾಗುತ್ತದೆ. ಆ ಮೇಲೆ ಅದನ್ನು ಸರಿಪಡಿಸುವ ಉಪಾಯ ಯಾರಲ್ಲಿಯೂ ಇಲ್ಲ. ಯಾರೂ ಮುಟ್ಟದೆಯೂ, ಕೇವಲ ಪಾತ್ರೆಯ ಅಳತೆ ತಪ್ಪಿದುದರಿಂದ ಹೀಗಾಗುತ್ತದೆ. ಬಂಧವೆಂಬ ಅತಿಚಾರವನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವ ದೃಷ್ಟಾಂತ ಸಿಗಲಾರದು.

ಮೊಟ್ಟೆಯಿಂದ ಕೋಶದವರೆಗೆ ಹುಳುವನ್ನು ಸಾಕುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳಿಗೆ ಮಾಲು ತರುವ ರೈತ ಮನೆತನಗಳು ಇದೇ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಹಿಪ್ಪುನೇರಳೆ ಸೊಪ್ಪನ್ನು ಹೊತ್ತುಹೊತ್ತಿಗೆ ಕತ್ತರಿಸಿ ಹಾಕುವುದು, ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ನಿಲ್ಲಿಸಿ ಕಾಯುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು: ಇವೆಲ್ಲದರಲ್ಲಿರುವ ಎಚ್ಚರ ಯಾವ ಅಹಿಂಸಾವ್ರತಿಯನ್ನೂ ನಾಚಿಸುವಂಥದು. ನಾಲ್ಕು ಜ್ವರಗಳವರೆಗೂ ಆ ಹುಳುವಿಗೆ ಸಿಗುವ ಆರೈಕೆ ಹುಡುಗಿಯ ಭರಣಿಯ ಹುಳುವಿಗೆ ಸಿಗಲಾರದು. ಆದರೆ ಗೂಡು ಕಟ್ಟಿದ ಮೇಲೆ, ಚಿಟ್ಟೆ ಹೊರಬಿದ್ದರೆ ಎಳೆ ತುಂಡಾಗುವುದೆಂದು, ಒಳಗಿನ ಜೀವವನ್ನು ಶಾಖದಿಂದ ಕೊಲ್ಲುತ್ತಾರೆ. ಇದು ಆಕಸ್ಮಿಕವಲ್ಲ, ಅನಿವಾರ್ಯ ಆರಂಭದಲ್ಲಿ ನುಸುಳಿದ ಹಿಂಸೆಯೂ ಅಲ್ಲ. ಮೊಟ್ಟೆ ತಂದ ದಿನವೇ ನಿಶ್ಚಯವಾದದ್ದು. ರೈತನ ಉದ್ಯೋಗೀ ಹಿಂಸೆಯೆಂದು ಅದನ್ನು ಹಗುರಾಗಿಸುವವರು, ಉಡುವವರ ಪಾಲಿಗೆ ಅದು ಯಾವ ಬಗೆಯ ಹಿಂಸೆಯೆಂಬುದನ್ನು ಹೇಳುವುದಿಲ್ಲ. ಭರಣಿಯ ಒಂದು ಹುಳುವಿಗಾಗಿ ಮೊಮ್ಮಗಳನ್ನು ಗದರಿ, ಮಡಿಗೆಂದು ಪಟ್ಟೆಯುಟ್ಟು ಬಸದಿಗೆ ಹೋಗುವ ಮನೆಗಳು ಇನ್ನೂ ಇವೆ.

ಇದಕ್ಕೆ ಪರಿಹಾರವೂ ಎಣಿಸಿದಷ್ಟು ಸುಲಭವಲ್ಲ. ಹೈದರಾಬಾದಿನ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಬಿದ್ದ ಗೂಡುಗಳಿಂದ ನೂಲು ತೆಗೆಸಿ 'ಅಹಿಂಸಾ ರೇಷ್ಮೆ'ಯೆಂಬ ಹೆಸರಿನಲ್ಲಿ ಬಟ್ಟೆ ನೇಯಿಸಿದಾಗ ಹಲವರಿಗೆ ನೆಮ್ಮದಿಯಾಯಿತು. ಆ ಪ್ರಯತ್ನ ಗೌರವಾರ್ಹವೇ. ಆದರೆ ಸಾವಿರಾರು ವರ್ಷಗಳ ಸಾಕಣೆಯಿಂದ ರೇಷ್ಮೆಯ ಚಿಟ್ಟೆ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಅದು ಉಣ್ಣುವುದೂ ಇಲ್ಲ. ಹೊರಬಿದ್ದು, ಕೂಡಿ, ನೂರಾರು ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಆ ಮೊಟ್ಟೆಗಳಿಂದ ಬಂದ ಹುಳುಗಳಿಗೆಲ್ಲ ಸೊಪ್ಪು ಹಾಕುವವರು ಯಾರು? ಬಾಗಿಲು ತೆರೆದ ಮಾತ್ರಕ್ಕೆ ಬಂಧನ ಕಳಚದಂತಹ ಜೀವಗಳನ್ನು ಮನುಷ್ಯ ತಾನೇ ನಿರ್ಮಿಸಿಕೊಂಡಿದ್ದಾನೆ. ನಿಂಬೆಯ ಚಿಟ್ಟೆ ಇನ್ನೂ ಹಾಗಾಗಿಲ್ಲ. ಕಿಟಕಿ ತೆರೆದರೆ ಅದು ಹೋಗುತ್ತದೆ.

ಅರಿವಿಗಾಗಿ ಎಂಬ ಸಮರ್ಥನೆಯನ್ನೂ ತೂಗಿ ನೋಡಬೇಕು. ಹುಳು ಸತ್ತು ಅದರ ಜಾಗದಲ್ಲಿ ಬೇರೊಂದು ಜೀವ ಹುಟ್ಟುತ್ತದೆಯೋ, ಒಂದೇ ಜೀವ ರೂಪ ಬದಲಿಸುತ್ತದೆಯೋ ಎಂಬುದು ಹದಿನೇಳನೆಯ ಶತಮಾನದ ಯುರೋಪಿನಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ ಹುಳುವನ್ನು ಸೀಳಿ, ಅದರ ಚರ್ಮದಡಿಯಲ್ಲಿ ಮಡಿಚಿಟ್ಟ ರೆಕ್ಕೆಗಳ ಮೊಳಕೆಯನ್ನು ತೋರಿಸಿ ಉತ್ತರ ಕೊಟ್ಟ. ಅದೇ ಕಾಲದ ಮರಿಯಾ ಸಿಬಿಲ್ಲಾ ಮೇರಿಯನ್ (೧೬೪೭–೧೭೧೭) ಎಂಬಾಕೆ ಹದಿಮೂರರ ವಯಸ್ಸಿನಲ್ಲಿ ರೇಷ್ಮೆಹುಳು ಸಾಕಲಾರಂಭಿಸಿ, ಬಳಿಕ ನೂರಾರು ಬಗೆಯ ಹುಳುಗಳಿಗೆ ಅವುಗಳದೇ ಸೊಪ್ಪು ಹಾಕಿ, ಕಾದು, ಕಂಡುದನ್ನು ಚಿತ್ರಿಸಿ, ೧೬೭೯ರಲ್ಲಿ ಹುಳುಗಳ ಕುರಿತ ತನ್ನ ಮೊದಲ ಗ್ರಂಥವನ್ನು ಪ್ರಕಟಿಸಿದಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಇವೆಲ್ಲವನ್ನೂ ಅವು ತಿನ್ನುವ ಗಿಡದ ಮೇಲೆ ಒಟ್ಟಿಗೆ ತೋರಿಸುವ ಪದ್ಧತಿ ಆಕೆಯದು. ಒಬ್ಬನು ಸೀಳಿ ಅರಿತುದನ್ನು ಇನ್ನೊಬ್ಬಳು ಕಾದು ಅರಿತಳೆಂದರೆ ತಪ್ಪಾಗದು. ಆದರೂ ಆಕೆ ನಿರ್ದೋಷಿಯಲ್ಲ, ಕೀಟಗಳನ್ನು ಒಣಗಿಸಿಟ್ಟು ಮಾರಿದ್ದೂ ಉಂಟು. ೨೦೦೮ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಹುಳುಗಳಿಗೆ ಒಂದು ವಾಸನೆಯ ಜೊತೆಗೆ ಲಘುವಾದ ವಿದ್ಯುದಾಘಾತ ಕೊಟ್ಟು, ಅವು ಪತಂಗಗಳಾದ ಮೇಲೆಯೂ ಆ ವಾಸನೆಯಿಂದ ದೂರ ಸರಿಯುವುದನ್ನು ಕಂಡರು. ಹುಳುವಿನ ಕೊನೆಯ ಹಂತದಲ್ಲಿ ಕಲಿತ ಪಾಠ ಕೋಶವನ್ನು ದಾಟಿ ಉಳಿದಿತ್ತು. ಪರ್ಯಾಯ ಬದಲಾದರೂ ದ್ರವ್ಯ ನಿಲ್ಲುವುದೆಂಬ ಮಾತಿಗೆ ಇದನ್ನು ಸಾಕ್ಷಿಯಾಗಿ ತರಲು ಯಾರಿಗಾದರೂ ಆಸೆಯಾದೀತು. ಪ್ರಯೋಗದಿಂದ ಸಿದ್ಧವಾಗುವುದು ಅಷ್ಟಲ್ಲ, ನರಗಳ ಕೆಲವು ಭಾಗ ಉಳಿಯುತ್ತದೆಂಬುದು ಮಾತ್ರ. ಆದರೆ ಅದರಿಂದ ಹೊರಡುವ ನೈತಿಕ ತೀರ್ಮಾನ ಹಗುರವಲ್ಲ: ಹುಳುವಿಗೆ ಕೊಟ್ಟ ನೋವು ಚಿಟ್ಟೆಯಲ್ಲಿಯೂ ಇರಬಹುದು. ಈ ಅರಿವನ್ನು ಪಡೆದದ್ದೂ ನೋವು ಕೊಟ್ಟೇ. ೨೦೧೩ರಲ್ಲಿ ಇಂಗ್ಲೆಂಡಿನಲ್ಲಿ ಕ್ಷಕಿರಣಗಳ ಸಹಾಯದಿಂದ, ಸೀಳದೆಯೇ, ಜೀವಂತ ಕೋಶದ ಒಳಗಿನ ಬೆಳವಣಿಗೆಯನ್ನು ದಿನದಿನವೂ ಚಿತ್ರಿಸಿದರು. ಸ್ವಾಮರ್‌ಡಾಮನಿಗೆ ಇಲ್ಲದಿದ್ದ ಆಯ್ಕೆ ಈಗಿನವರಿಗೆ ಇದೆ.

ಉಳಿಯಿತು ಹುಡುಗಿಯ ಮಾತು: ಹೊರಗಿದ್ದರೆ ತಿನ್ನುತ್ತವೆ. ಇದು ನಿಜ. ಗಿಡದ ಮೇಲಿನ ಮೊಟ್ಟೆಗಳಲ್ಲಿ ಬಹುಪಾಲು ಚಿಟ್ಟೆಯಾಗುವುದಿಲ್ಲ. ಇರುವೆ, ಜೇಡ, ಹಕ್ಕಿಗಳಲ್ಲದೆ, ಮೊಟ್ಟೆಯೊಳಗೇ ಮೊಟ್ಟೆಯಿಡುವ, ಹುಳುವಿನೊಳಗೆ, ಕೋಶದೊಳಗೆ ಮೊಟ್ಟೆಯಿಡುವ ಸೂಕ್ಷ್ಮ ಕಣಜಗಳಿವೆ. ಅವುಗಳ ಮರಿಗಳಿಗೆ ಬೇರೆ ಅನ್ನವಿಲ್ಲ. ಚಿಟ್ಟೆಯನ್ನು ಉಳಿಸಿದವರು ಕಣಜವನ್ನು ಉಪವಾಸ ಕೆಡವಿದರು. ಬೆಕ್ಕಿನ ಬಾಯಿಂದ ಇಲಿಯನ್ನು ಬಿಡಿಸುವುದು ಧರ್ಮವೇ ಎಂಬ ಹಳೆಯ ವಿವಾದ ಇದೇ. ತೇರಾಪಂಥದ ಪ್ರವರ್ತಕರಾದ ಆಚಾರ್ಯ ಭಿಕ್ಷುಗಳು (೧೭೨೬–೧೮೦೩) ಲೌಕಿಕ ದಯೆಯನ್ನೂ ಆಧ್ಯಾತ್ಮಿಕ ದಯೆಯನ್ನೂ ಬೇರ್ಪಡಿಸಿ, ಬಲದಿಂದ ಒಂದು ಜೀವವನ್ನು ಬಿಡಿಸುವುದು ಮೋಕ್ಷಮಾರ್ಗದ ಧರ್ಮವಲ್ಲ, ಹಿಂಸಿಸುವವನ ಹೃದಯ ತಿರುಗಿದರೆ ಮಾತ್ರ ಅದು ಧರ್ಮವೆಂದು ಪ್ರತಿಪಾದಿಸಿದರು. ಉಳಿದ ಸಂಪ್ರದಾಯಗಳು ಇದನ್ನು ಒಪ್ಪಲಿಲ್ಲ. ಪಾಂಜರಾಪೋಳಗಳು, ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯ, ಇವೆಲ್ಲ ಆ ಒಪ್ಪದಿರುವಿಕೆಯ ಫಲ. ಆ ಚಿಕಿತ್ಸಾಲಯದಲ್ಲಿಯೂ ಹದ್ದು, ಗಿಡುಗಗಳಿಗೆ ಔಷಧೋಪಚಾರ ಮಾಡಿ ಕಳುಹಿಸುವರೇ ಹೊರತು, ಒಳಗೆ ಇರಿಸಿಕೊಂಡು ಸಾಕುವುದಿಲ್ಲ. ಕಣಜದ ಹೃದಯ ತಿರುಗುವ ಸಂಭವವಂತೂ ಇಲ್ಲ. ಆಚಾರ್ಯರ ಮಾತು ಕಠಿಣವಾಗಿ ಕಂಡರೂ ಅದರಲ್ಲಿ ಒಂದು ಎಚ್ಚರಿಕೆಯಿದೆ: ಉಳಿಸಿದೆನೆಂಬ ಹೆಮ್ಮೆಯೂ ಒಂದು ಕಷಾಯವೇ. ಒಂದು ಮೊಟ್ಟೆಯನ್ನು ತಂದು ನೋಡುವ ಕುತೂಹಲವನ್ನು ಕುತೂಹಲವೆಂದೇ ಕರೆಯುವುದು ಲೇಸು. ಅದಕ್ಕೆ ಜೀವದಯೆಯ ಅಂಗಿ ತೊಡಿಸಬೇಕಾಗಿಲ್ಲ.

ಒಂದರ ಮಾತು ಹೀಗಾದರೆ, ನೂರರ ಮಾತು ಇನ್ನೂ ಕೆಡುಕಿನದು. ಅಮೆರಿಕದಲ್ಲಿ ವಲಸೆಯ ಮೊನಾರ್ಕ್ ಚಿಟ್ಟೆಗಳು ಕುಗ್ಗುತ್ತಿರುವುದನ್ನು ಕಂಡು ಮನೆಮನೆಯಲ್ಲಿ ಸಾಕಿ ಬಿಡುವವರು ಹೆಚ್ಚಿದರು. ಮದುವೆಯ ಸಮಾರಂಭಗಳಲ್ಲಿ ಬಿಡಲು ಡಬ್ಬಿಗಟ್ಟಲೆ ಮಾರುವವರೂ ಹುಟ್ಟಿಕೊಂಡರು. ಕೋಣೆಯೊಳಗೆ ಬೆಳೆದ ಚಿಟ್ಟೆಗಳಿಗೆ ದಕ್ಷಿಣದ ದಿಕ್ಕು ತಿಳಿಯುತ್ತಿಲ್ಲವೆಂದು ಚಿಕಾಗೋ ವಿಶ್ವವಿದ್ಯಾಲಯದವರು ೨೦೧೯ರಲ್ಲಿ ವರದಿ ಮಾಡಿದರು. ೨೦೨೧ರಲ್ಲಿ ಕೆನಡಾದ ಸಂಶೋಧಕರು, ಹೊರಗೆ ಬಿಟ್ಟ ಮೇಲೆ ಬಹುಪಾಲು ಚಿಟ್ಟೆಗಳು ದಕ್ಷಿಣಕ್ಕೇ ಹೊರಟುವೆಂದು ತೋರಿಸಿದರು. ಆ ಚರ್ಚೆ ಎಲ್ಲಿಯೇ ಮುಟ್ಟಲಿ, ಒತ್ತಾಗಿ ಸಾಕಿದಲ್ಲಿ ರೋಗ ಹೆಚ್ಚುವುದರಲ್ಲಿ ಸಂದೇಹವಿಲ್ಲ. ಜನ್ಮಕಲ್ಯಾಣದ ದಿನ ಪಂಜರದ ಹಕ್ಕಿಗಳನ್ನು ಕೊಂಡು ಬಿಡುವ ಪುಣ್ಯಕಾರ್ಯ, ಹಕ್ಕಿ ಹಿಡಿಯುವವನ ಕಸುಬನ್ನೇ ಬೆಳೆಸುವಂತೆ, ಇದೂ ಆದೀತು.

ಅಜ್ಜಿ ಮೊಮ್ಮಗಳ ನಡುವೆ ಮೂರನೆಯ ದಿನ ಒಂದು ಒಪ್ಪಂದವಾಯಿತೆಂದು ಇಟ್ಟುಕೊಳ್ಳಬಹುದು. ಭರಣಿ ಮತ್ತೆ ಅಡುಗೆಮನೆಗೆ ಹೋಯಿತು. ಮೊಟ್ಟೆಯಿದ್ದ ಎಲೆಯನ್ನು ಜಗಲಿಯ ಕುಂಡದಲ್ಲಿದ್ದ ನಿಂಬೆಯ ಸಸಿಗೆ ದಾರದಿಂದ ಕಟ್ಟಿದರು. ಮುಚ್ಚಳವಿಲ್ಲ, ಬಲೆಯಿಲ್ಲ. ಹುಡುಗಿ ಬೆಳಿಗ್ಗೆ ಸಂಜೆ ಕುಳಿತು ನೋಡಿ ಬರೆದಳು, ಮುಟ್ಟಲಿಲ್ಲ. ಅಜ್ಜಿಯೂ ಬಂದು ಕುಳಿತರು.

ಹುಳು ಬೆಳೆದು, ಹಸಿರಾಗಿ, ಒಂದು ದಿನ ಕುಂಡದಿಂದಿಳಿದು, ಕಿಟಕಿಯ ಚೌಕಟ್ಟಿನಲ್ಲಿ ಕೋಶವಾಯಿತು. ಅದೇ ಮಧ್ಯಾಹ್ನ, ಇನ್ನೂ ಮೆತ್ತಗಿದ್ದ ಆ ಕೋಶದ ಮೇಲೆ ಎಳ್ಳಿಗಿಂತ ಚಿಕ್ಕದಾದ, ಲೋಹದಂತೆ ಹೊಳೆಯುವ ಒಂದು ಕಣಜ ಬಹಳ ಹೊತ್ತು ಕುಳಿತಿದ್ದುದನ್ನು ಹುಡುಗಿ ನೋಡಿ ಪುಸ್ತಕದಲ್ಲಿ ಬರೆದಿದ್ದಳು. ಅದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮುಚ್ಚಳವಿದ್ದಿದ್ದರೆ ಅದು ಒಳಗೆ ಬರುತ್ತಿರಲಿಲ್ಲ.

ರೆಕ್ಕೆಯ ಕಪ್ಪು ಕಾಣಬೇಕಾದ ದಿನ ಕೋಶ ಮಾಸಲು ಕಂದಾಗಿತ್ತು. ಇನ್ನೂ ಕೆಲವು ದಿನ ಕಳೆದ ಮೇಲೆ ಅದರ ಪಕ್ಕದಲ್ಲಿ ಸೂಜಿಮೊನೆಯ ತೂತುಗಳು ಕಾಣಿಸಿದವು. ಒಂದೊಂದಾಗಿ ಹತ್ತಾರು ಕಣಜಗಳು ಹೊರಬಂದು ಗಾಜಿನ ಮೇಲೆ ಹರಿದಾಡತೊಡಗಿದವು.

"ಅಜ್ಜಿ, ಇವನ್ನ ಏನು ಮಾಡ್ಲಿ?"

ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಕಿಟಕಿ ತೆಗಿ," ಎಂದರು.

"ಮುಚ್ಚಳ ಹಾಕಿದ್ರೆ ಚಿಟ್ಟೆ ಉಳೀತಿತ್ತು ಅಲ್ವಾ?"

"ಹೌದು ಮಗೂ, ಉಳೀತಿತ್ತು."

ಹುಡುಗಿ ಕಿಟಕಿ ತೆರೆದಳು. ಹಿತ್ತಲಿನ ಗಿಡದಲ್ಲಿ ಮತ್ತೆ ಚಿಗುರು ಬಂದಿತ್ತು.